ಆರು ಗಜದ ಸೀರೆ, ನಾಲ್ಕಡಿ ಕಿಟಕಿ: ಮನೆಯಲ್ಲೇ ಕರ್ಟನ್ ಹೊಲಿಯೋ ಲೆಕ್ಕ

ಬಿಟಿಎಂ ಲೇಔಟ್‌ನಲ್ಲೋ ಜೆ.ಪಿ. ನಗರದಲ್ಲೋ ಬಾಡಿಗೆಗೆ ಇರೋರಿಗೆ ಈ ಕಷ್ಟ ನಾನು ವಿವರಿಸಬೇಕಾಗಿಲ್ಲ. ಬೆಡ್‌ರೂಮ್ ಕಿಟಕಿ ತೆಗೆದ್ರೆ ಪಕ್ಕದ ಕಟ್ಟಡದ ಅಡುಗೆಮನೆ. ಅವರ ಒಗ್ಗರಣೆ ನಮಗೆ ಗೊತ್ತು, ನಮ್ಮ ಆಫೀಸ್ ಕಾಲ್ ಅವರಿಗೆ ಗೊತ್ತು. ಮುಚ್ಚಿದ್ರೆ ಕತ್ತಲೆ, ತೆಗೆದ್ರೆ ಮುಜುಗರ. ಬೆಳಕು ಬಿಡಬೇಕು, ನೋಟ ತಡೀಬೇಕು, ನೋಡೋಕೂ ಚೆನ್ನಾಗಿರಬೇಕು. ಇಷ್ಟಕ್ಕೆ ನನ್ನ ಉತ್ತರ ಹಳೇ ಹತ್ತಿ ಸೀರೆ.

ಯಾಕೆ ಸೀರೆ? ಹೊಲಿಗೆ ಹೊಸದಾಗಿ ಕಲಿತವರಿಗೆ ಕರ್ಟನ್‌ನಲ್ಲಿ ಕಷ್ಟದ ಕೆಲಸ ಅಂದ್ರೆ ಎರಡೂ ಪಕ್ಕದ ಉದ್ದನೆಯ ನೇರ ಹೊಲಿಗೆ. ಸ್ವಲ್ಪ ಸೊಟ್ಟಗಾದ್ರೂ ಬಟ್ಟೆ ಸುಕ್ಕು ಹಿಡಿದು ನೇತಾಡುತ್ತೆ. ಸೀರೆಯಲ್ಲಿ ಆ ಕೆಲಸವನ್ನ ನೇಕಾರರು ಆಗಲೇ ಮುಗಿಸಿ ಕೊಟ್ಟಿರ್ತಾರೆ. ಎರಡೂ ಕಡೆ ಗಟ್ಟಿ ಅಂಚು ಇದೆ. ನಮಗೆ ಉಳಿಯೋದು ಮೇಲೊಂದು, ಕೆಳಗೊಂದು ಮಡಿಕೆ.

ಇನ್ನು ಲೆಕ್ಕ. ಆರು ಗಜ ಅಂದ್ರೆ 216 ಇಂಚು. ಮೂರು ಭಾಗ ಮಾಡಿದ್ರೆ ಒಂದೊಂದು 72. ಅಂಗಡಿಯಲ್ಲಿ ಕಿಟಕಿಗೆ ಅಂತ ಮಾರೋ ರೆಡಿಮೇಡ್ ಕರ್ಟನ್ ಸಾಮಾನ್ಯವಾಗಿ 5 ಅಡಿ, ಅಂದ್ರೆ 60 ಇಂಚು. ಮೇಲಿನ ಮಡಿಕೆಗೆ 4, ಕೆಳಗಿನದಕ್ಕೆ 6, ಕತ್ತರಿಸುವಾಗ ನೇರ ಮಾಡಿಕೊಳ್ಳೋಕೆ 2. ಸರಿಯಾಗಿ 72! ಅಗಲವೂ ಕೂಡಿಬರುತ್ತೆ. ಕರ್ಟನ್ ಅಲೆಅಲೆಯಾಗಿ ಬೀಳಬೇಕಾದ್ರೆ ಬಟ್ಟೆ ರಾಡ್ ಉದ್ದದ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ನಾಲ್ಕಡಿ ಕಿಟಕಿಗೆ ರಾಡ್ ಸುಮಾರು 54 ಇಂಚು ಹಾಕ್ತೀವಿ. ಸೀರೆ ಅಗಲ ಹತ್ತಿರ ಹತ್ತಿರ 45, ಎರಡು ಪರದೆಗೆ 90. ಸಾಕು. ಅಳತೆ ಮಾತ್ರ ಕಿಟಕಿಯಿಂದ ಅಲ್ಲ, ರಾಡ್‌ನಿಂದ ತಗೊಳ್ಳಿ. ಓನರ್ ಗೋಡೆಗೆ ಡ್ರಿಲ್ ಬೇಡ ಅಂದ್ರೆ ಚೌಕಟ್ಟಿನ ಒಳಗೇ ಬಿಗಿಯಾಗಿ ಕೂರೋ ಸ್ಪ್ರಿಂಗ್ ರಾಡ್ ಸಿಗುತ್ತೆ. ಆಗ ಉದ್ದ ಕಮ್ಮಿ ಸಾಕಾಗುತ್ತೆ.

ಲೆಕ್ಕ ಸುಲಭ, ಕತ್ತರಿ ಹಾಕೋದು ಕಷ್ಟ. ನನ್ನ ಹತ್ರ ಇದ್ದದ್ದು ಅಜ್ಜಿಯ ಇಳಕಲ್ ಸೀರೆ. ಫೋನಲ್ಲಿ ಕೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಪೆಟ್ಟಿಗೇಲಿ ಜಿರಳೆ ತಿನ್ನೋದಕ್ಕಿಂತ ವಾಸಿ. ಸೆರಗು ಮಾತ್ರ ಮುಟ್ಟಬೇಡ” ಅಂದ್ರು. ಅಮ್ಮನ ಮಾತಲ್ಲಿ ಭಾವನೆ ಜೊತೆಗೆ ಒಳ್ಳೇ ಹೊಲಿಗೆ ಬುದ್ಧಿಯೂ ಇದೆ. ಸಾಂಪ್ರದಾಯಿಕ ಇಳಕಲ್‌ನಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸಿನ ಎಳೆಗಳನ್ನ ಕೊಂಡಿ ಹಾಕಿ ಸೇರಿಸಿರ್ತಾರೆ. ಹತ್ತಿ, ರೇಷ್ಮೆ ಎರಡೂ ಒಗೆದಾಗ ಒಂದೇ ಥರ ಕುಗ್ಗಲ್ಲ, ಬಿಸಿಲಿಗೆ ರೇಷ್ಮೆ ಬೇಗ ಸೊರಗುತ್ತೆ. ಅದಕ್ಕೇ ಒಡಲಿನಿಂದ 72ರ ಎರಡು ತುಂಡು ತೆಗೆದೆ. ಸೆರಗಿರೋ ಮೂರನೇ ಭಾಗವನ್ನ ಹಾಗೇ ಮಡಿಚಿಟ್ಟಿದ್ದೀನಿ. ಉಡೋಕೆ ಆಗೋ ಒಳ್ಳೇ ರೇಷ್ಮೆ ಸೀರೆಯನ್ನ ಕಿಟಕಿಗೆ ನೇತುಹಾಕೋದು ನನಗಂತೂ ಒಪ್ಪಿಗೆಯಿಲ್ಲ, ಇನ್‌ಸ್ಟಾ ರೀಲ್ ಎಷ್ಟೇ ಚಂದ ಇರಲಿ.

ಕತ್ತರಿಸೋ ಮುಂಚೆ ಫಾಲ್ ಬಿಚ್ಚಿ, ಸೀರೆ ಒಗೆದು, ಇಸ್ತ್ರಿ ಮಾಡಿ. ಕುಗ್ಗೋದಿದ್ರೆ ಈಗಲೇ ಕುಗ್ಗಲಿ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ನೆರಿಗೆ ಸಿಕ್ಕಿಸೋ ಜಾಗ, ಕಾಲಿಗೆ ತಾಗೋ ಕೆಳಗಿನ ಅಂಚು ಮೊದಲು ಸವೆಯೋದು. ಸವೆದ ಜಾಗ ಮಡಿಕೆಯೊಳಗೆ ಹೋಗೋ ಹಾಗೆ ಭಾಗ ಮಾಡಿಕೊಳ್ಳಿ. ನೇರವಾಗಿ ಕತ್ತರಿಸೋಕೆ ಸ್ಕೇಲ್ ಬೇಡ. ಅಂಚಿನ ಹತ್ರ ಸಣ್ಣ ಗಾಟು ಹಾಕಿ, ಅಡ್ಡ ಎಳೆ ಒಂದನ್ನ ಮೆಲ್ಲಗೆ ಎಳೆದುಬಿಡಿ. ಬಟ್ಟೆ ಮೇಲೆ ಗೆರೆ ಮೂಡುತ್ತೆ, ಅದರ ಮೇಲೆ ಕತ್ತರಿ ಓಡಿಸಿ.

ಹೀಗೆ ಕತ್ತರಿಸಿದ್ರೆ ಅಂಚು ಮೇಲಿಂದ ಕೆಳಕ್ಕೆ ಬರುತ್ತೆ. ಎರಡು ಪರದೆ ಮುಚ್ಚಿದಾಗ ನಡುವೆ ಜೋಡಿ ಅಂಚು, ಬೇರೆ ಅಲಂಕಾರವೇ ಬೇಡ. ಅಂಚು ಕೆಳಗಡೆ ಅಡ್ಡಕ್ಕೇ ಬೇಕು ಅನ್ನೋರು ಸೀರೆ ತಿರುಗಿಸಬೇಕು. ಆಗ ಎತ್ತರ 45 ಇಂಚೇ, ಅದೂ ಮಡಿಕೆಗೆ ಮುಂಚೆ. ಅಡುಗೆಮನೆಯ ಸಣ್ಣ ಕಿಟಕಿಗೆ ಸರಿ, ಬೆಡ್‌ರೂಮಿಗೆ ಸಾಲದು.

ಮೇಲ್ಗಡೆ ಐಲೆಟ್ ರಿಂಗ್ ಹಾಕೋದಾದ್ರೆ ಒಳಗೆ ಬಕ್ರಂ ಪಟ್ಟಿ ಬೇಕೇ ಬೇಕು. ರಿಂಗ್ ಸರಿಸಂಖ್ಯೆಯಲ್ಲಿರಲಿ, ಆಗಲೇ ಎರಡೂ ತುದಿ ಗೋಡೆ ಕಡೆಗೆ ತಿರುಗೋದು. ಹಳೇ ಸೀರೆಗೆ ನಾನು ಹೇಳೋದು ರಾಡ್ ತೂರಿಸೋ ಕೊಳವೆ ಮಡಿಕೆ. ಅರ್ಧ ಇಂಚು ಒಳಗೆ ಮಡಿಚಿ, ಮತ್ತೆ ಮೂರೂವರೆ ಇಂಚು ಮಡಿಚಿ ಹೊಲಿದ್ರೆ ಆಯ್ತು. ತೆಳು ಬಟ್ಟೆಗೆ 11ನೇ ನಂಬರ್ ಸೂಜಿ, ಸ್ವಲ್ಪ ದಪ್ಪಕ್ಕೆ 14.

ಒಂದು ಎಚ್ಚರಿಕೆ. ಹಗಲಲ್ಲಿ ತೆಳು ಹತ್ತಿ ಮರೆ ಕೊಡುತ್ತೆ. ರಾತ್ರಿ ಲೈಟ್ ಹಾಕಿದ್ರೆ ಹೊರಗಿನವರಿಗೆ ನೆರಳು ಕಾಣುತ್ತೆ. ಬೆಡ್‌ರೂಮಿಗೆ ಹಿಂದೆ ಲೈನಿಂಗ್ ಬಟ್ಟೆ ಕೊಡಿ. ಅದಕ್ಕೆ ಚಿಕ್ಕಪೇಟೆ ಒಳ್ಳೇದು. ಬಿಟಿಎಂನಿಂದ ಹಳದಿ ಮೆಟ್ರೊ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದ್ರೆ ಅಂಗಡಿ ಬೀದಿಗೇ ಇಳೀಬಹುದು. ಲೈನಿಂಗನ್ನೂ ಮೊದಲು ಒಗೀರಿ. ಮೇಲಿನ ಮಡಿಕೆಯಲ್ಲಿ ಮಾತ್ರ ಸೀರೆಗೆ ಸೇರಿಸಿ, ಕೆಳಗೆ ಬಿಡಿಯಾಗಿರಲಿ.

ಕೆಳಗಿನ ಮಡಿಕೆಯನ್ನ ಅವತ್ತೇ ಹೊಲಿಯಬೇಡಿ. ಪರದೆಯನ್ನ ಎರಡು ದಿನ ರಾಡ್‌ಗೆ ನೇತುಹಾಕಿ ಬಿಡಿ. ಹಳೇ ಹತ್ತಿ ತನ್ನ ಭಾರಕ್ಕೇ ಸ್ವಲ್ಪ ಇಳಿಯುತ್ತೆ. ಇಳಿದ ಮೇಲೆ ಎರಡೂ ಪರದೆ ಸಮ ನೋಡಿ ಗುಂಡುಪಿನ್ ಚುಚ್ಚಿ, ಮೂರು ಇಂಚಿನ ಎರಡು ಮಡಿಕೆ ಹಾಕಿ ಹೊಲಿಯಿರಿ.