ಮೊಬೈಲಿನಲ್ಲಿ ಮೊಲದ ಚೀರಾಟ ಹಾಕಿದರೆ ನರಿ ಓಡಿ ಬರುತ್ತದೆಯೇ?

ಇಂಥ ವಿಡಿಯೊ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಬಯಲಿನಲ್ಲಿ ಒಬ್ಬ ಕುಳಿತಿದ್ದಾನೆ, ಪಕ್ಕದಲ್ಲೊಂದು ಚಿಕ್ಕ ಸ್ಪೀಕರ್. ಅದರಿಂದ ಮಗು ಅತ್ತಂತೆ ಒಂದು ಕರ್ಕಶ ಸದ್ದು. ಎರಡೇ ನಿಮಿಷದಲ್ಲಿ ಪೊದೆಯ ಸಂದಿಯಿಂದ ನರಿಯಂಥ ಪ್ರಾಣಿಯೊಂದು ನೇರ ಅವನ ಕಡೆಗೇ ಓಡಿ ಬರುತ್ತದೆ. 'ನಮ್ಮ ಹೊಲದಲ್ಲೂ ಇದನ್ನು ಮಾಡಬಹುದಾ?' ಎಂದು ಯಾರಾದರೂ ಕೆಳಗೆ ಕೇಳಿರುತ್ತಾರೆ. ಬಾದಾಮಿ, ಹುನಗುಂದ, ಇಳಕಲ್ ಕಡೆಯ ಕುರಿಗಾರರಿಗೂ ಮೆಕ್ಕೆಜೋಳ ಬೆಳೆದವರಿಗೂ ಇದು ತಮಾಷೆಯ ಪ್ರಶ್ನೆಯಲ್ಲ. ಹಾಗಾಗಿ ಉತ್ತರವನ್ನೂ ಸರಿಯಾಗಿ ನೋಡೋಣ.

ವಿಡಿಯೊ ಸುಳ್ಳಲ್ಲ, ಆದರೆ ಅದು ನಮ್ಮ ನರಿಯಲ್ಲ

ಅದರಲ್ಲಿ ಕಾಣುವುದು ಸಾಮಾನ್ಯವಾಗಿ ಕಯೋಟಿ. ಇದು ಉತ್ತರ ಮತ್ತು ಮಧ್ಯ ಅಮೆರಿಕದ ಪ್ರಾಣಿ, ತೋಳ ಮತ್ತು ನರಿಗಳ ಹತ್ತಿರದ ಸಂಬಂಧಿ. ಭಾರತದ ಯಾವ ಕಾಡಿನಲ್ಲೂ ಇಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅದನ್ನು ವರ್ಷವಿಡೀ ಬೇಟೆಯಾಡಬಹುದು. ಸದ್ದು ಮಾಡಿ ಕರೆದು ಹೊಡೆಯುವುದು ಅಲ್ಲಿ ದೊಡ್ಡ ಹವ್ಯಾಸ. ಟೆಕ್ಸಸ್‌ನ ಬರ್ನ್‌ಹ್ಯಾಮ್ ಸಹೋದರರು 1950ರ ದಶಕದಲ್ಲೇ ಬಾಯಲ್ಲಿ ಊದುವ ಪೀಪಿಗಳನ್ನು ಮಾರಿ ಹೆಸರು ಮಾಡಿದ್ದರು. ಈಗ ರಿಮೋಟ್ ಇರುವ ಸ್ಪೀಕರ್‌ಗಳು ಬಂದಿವೆ.

ಇದು ಕೆಲಸ ಮಾಡುವ ರೀತಿ ಸರಳ. ಮೊಲ ಬದುಕಿರುವಷ್ಟು ದಿನ ಹೆಚ್ಚುಕಡಿಮೆ ಮೂಕಪ್ರಾಣಿ. ಯಾವುದಾದರೂ ಬಾಯಿಗೆ ಸಿಕ್ಕಿಬಿದ್ದಾಗ ಮಾತ್ರ ಜೋರಾಗಿ ಚೀರುತ್ತದೆ. ಹಾಗಾಗಿ ಆ ಸದ್ದಿಗೆ ಬೇಟೆ ಪ್ರಾಣಿಯ ಕಿವಿಯಲ್ಲಿ ಒಂದೇ ಅರ್ಥ: ಅಲ್ಲಿ ಊಟ ಇದೆ, ಯಾರೋ ಆಗಲೇ ಹಿಡಿದಿದ್ದಾರೆ, ಬೇಗ ಹೋದರೆ ಕಿತ್ತುಕೊಳ್ಳಬಹುದು. ಮರಿಯ ಅಳುವನ್ನು ಹಾಕಿದರೆ ಹಸಿವಿಲ್ಲದ ತಂದೆತಾಯಿಯೂ ಓಡಿ ಬರುತ್ತವೆ. ಇನ್ನೊಂದು ಕಯೋಟಿಯ ಊಳು ಹಾಕಿದರೆ 'ನನ್ನ ಜಾಗಕ್ಕೆ ಯಾರು ಬಂದರು' ಎಂದು ಜಗಳಕ್ಕೆ ಬರುತ್ತವೆ. ಹಸಿವು, ಮಮತೆ, ಗಡಿ ಜಗಳ, ಈ ಮೂರನ್ನೇ ಬೇಟೆಗಾರ ಬಳಸಿಕೊಳ್ಳುತ್ತಾನೆ.

ವಿಡಿಯೊದಲ್ಲಿ ಕಾಣದ್ದೂ ಇದೆ. ಕಯೋಟಿ ನೇರ ಬರುವುದಕ್ಕಿಂತ ಸುತ್ತು ಹಾಕಿ, ಗಾಳಿ ತನ್ನ ಕಡೆ ಬೀಸುವ ದಿಕ್ಕಿಗೆ ಬಂದು ಮೂಸಿ ನೋಡುವುದೇ ಹೆಚ್ಚು. ಮನುಷ್ಯನ ವಾಸನೆ ಬಂದರೆ ಅಲ್ಲಿಂದಲೇ ವಾಪಸ್. ಒಮ್ಮೆ ಮೋಸ ಹೋಗಿ ಬದುಕಿದ್ದು ಮತ್ತೆ ಆ ಸದ್ದಿಗೆ ಸುಲಭವಾಗಿ ಬರುವುದಿಲ್ಲ. ಏನೂ ಬಾರದ ಗಂಟೆಗಟ್ಟಲೆ ವಿಡಿಯೊವನ್ನು ಯಾರು ತಾನೇ ಹಾಕುತ್ತಾರೆ?

ನಮ್ಮ ನರಿ ಬರುತ್ತದೆಯೇ?

ಬರಬಹುದು. ಯುರೋಪಿನಲ್ಲಿ ಸಂಶೋಧಕರು ಇದೇ ಜಾತಿಯ ನರಿಗಳನ್ನು ಎಣಿಸುವುದು ಹೀಗೆಯೇ. ರಾತ್ರಿ ಸ್ಪೀಕರಿನಲ್ಲಿ ಊಳು ಹಾಕಿ, ಯಾವ ದಿಕ್ಕಿನಿಂದ ಎಷ್ಟು ಗುಂಪು ಉತ್ತರ ಕೊಟ್ಟವು ಎಂದು ಲೆಕ್ಕ ಇಡುತ್ತಾರೆ. ಆಫ್ರಿಕಾದಲ್ಲಿ ಎಮ್ಮೆಕರುವಿನ ಕೂಗು ಹಾಕಿ ಸಿಂಹ, ಕತ್ತೆಕಿರುಬಗಳನ್ನು ಎಣಿಸಿದ್ದಾರೆ. ಸದ್ದು ಹಾಕಿ ಮೋಸಗೊಳಿಸುವುದು ನಮಗೂ ಹೊಸದಲ್ಲ. ಪಳಗಿಸಿದ ಕೌಜುಗವನ್ನು ಪಂಜರದಲ್ಲಿಟ್ಟು ಕೂಗಿಸಿ, ಜಗಳಕ್ಕೆ ಬಂದ ಕಾಡು ಕೌಜುಗವನ್ನು ಉರುಳಿಗೆ ಕೆಡವುವುದು ಹಳ್ಳಿಯ ಹಿರಿಯರಿಗೆಲ್ಲ ಗೊತ್ತಿರುವ ಬೇಟೆ. (ಅದೂ ಈಗ ಅಪರಾಧ.)

ಆದರೆ ಮೊಲದ ಚೀರಾಟ ಕೇಳಿ ಬರುವುದು ನರಿಯೊಂದೇ ಅಲ್ಲ ಎನ್ನುವುದನ್ನು ಫಾರ್ವರ್ಡ್ ಹೇಳುವುದಿಲ್ಲ. ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳ ನಡುವೆ 2016ರಲ್ಲಿ ಘೋಷಣೆಯಾದ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಇದೆ, ಸುಮಾರು 96 ಚದರ ಕಿ.ಮೀ. ಅಲ್ಲಿ ಚಿಂಕಾರದ ಜೊತೆ ತೋಳ, ನರಿ, ಕತ್ತೆಕಿರುಬಗಳೂ ಇವೆ. ಪಕ್ಕದ ಕೊಪ್ಪಳ, ಗಂಗಾವತಿ ಕಡೆಯ ಕಲ್ಲುಗುಡ್ಡಗಳಲ್ಲಿ ಚಿರತೆಗಳಿವೆ. ಕತ್ತಲಲ್ಲಿ ಬಂಡೆಗೆ ಒರಗಿ ಕುಳಿತು ಮೊಬೈಲಿನಲ್ಲಿ 'ಇಲ್ಲಿ ಊಟ ಇದೆ' ಎಂದು ಕೂಗಿಸುವವನು, ಆ ಊಟದ ಜಾಗದಲ್ಲಿ ತಾನೇ ಕುಳಿತಿರುತ್ತಾನೆ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಆಮಿಷ ಒಡ್ಡುವುದು, ಇದಕ್ಕೆಲ್ಲ ಪ್ರಯತ್ನಿಸುವುದೂ ಬೇಟೆಯೇ. ಒಂದೂ ನರಿ ಸಾಯದಿದ್ದರೂ ಕೇಸು ಆಗಬಹುದು. ತೋಳ ಮೊದಲಿನಿಂದಲೂ ಒಂದನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ನರಿಯೂ ಅಲ್ಲಿಗೇ ಸೇರಿದೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ನರಿಗೂ ಇದೆ: ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. 'ನರಿ ತಾನೇ, ಯಾರು ಕೇಳುತ್ತಾರೆ' ಎನ್ನುವ ಕಾಲ ಹೋಯಿತು. ತಾನೇ ಚಿತ್ರೀಕರಿಸಿ ಸ್ಟೇಟಸ್ ಹಾಕಿಕೊಂಡವನ ವಿರುದ್ಧ ಬೇರೆ ಸಾಕ್ಷಿಯನ್ನೂ ಹುಡುಕಬೇಕಿಲ್ಲ.

ನರಿ ಕೊಂಬು

ಇಷ್ಟಾದರೂ ನರಿಯನ್ನು ಹಿಡಿಯುವವರು ಇರುವುದಕ್ಕೆ ಒಂದು ಕಾರಣ ಇನ್ನೊಂದು ಫಾರ್ವರ್ಡ್: 'ನರಿ ಕೊಂಬು ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ'. ಬೆಳಿಗ್ಗೆ ನರಿ ಮುಖ ನೋಡಿದರೆ ಅದೃಷ್ಟ ಎಂಬ ಮಾತಿನಿಂದ ಯಾರಿಗೂ ನಷ್ಟವಿರಲಿಲ್ಲ. ಕೊಂಬಿನ ಮಾತು ಹಾಗಲ್ಲ. ನರಿಗೆ ಕೊಂಬು ಇಲ್ಲ. ನಾಯಿಗೆ ಇಲ್ಲದಂತೆಯೇ ಇಲ್ಲ. ಆ ಹೆಸರಿನಲ್ಲಿ ಮಾರುವ ಕೂದಲಿನ ಗಂಟು ಚರ್ಮ ಸುತ್ತಿ ತಯಾರಿಸಿದ ವಸ್ತು. ಅದು ನಕಲಿಯಾದರೆ ನಿಮ್ಮ ದುಡ್ಡು ಹೋಯಿತು, ನಿಜವಾಗಿ ನರಿಯದೇ ಚರ್ಮವಾದರೆ ಇಟ್ಟುಕೊಂಡ ನೀವೂ ಅಪರಾಧಿ.

ಹಾಗಾದರೆ ಕುರಿ ಕಳೆದುಕೊಂಡವನು ಏನು ಮಾಡಬೇಕು?

ನಿಜವಾದ ಪ್ರಶ್ನೆ ಇದೇ. ಒಂದು ರಾತ್ರಿಯಲ್ಲಿ ನಾಲ್ಕು ಮರಿ ಹೋದರೆ ಕುರಿಗಾರನಿಗೆ ಅದು ತಿಂಗಳ ಸಂಸಾರದ ಖರ್ಚು. ಅವನ ಸಿಟ್ಟನ್ನು ಅಜ್ಞಾನ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಹೊಡೆಯುವುದರಿಂದ ಲೆಕ್ಕ ಸರಿಹೋಗುವುದಿಲ್ಲ. ಕಯೋಟಿಯ ಬಗ್ಗೆ 1975ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮಾಡಿದ ಲೆಕ್ಕಾಚಾರದ ಪ್ರಕಾರ, ಪ್ರತಿ ವರ್ಷ ನೂರಕ್ಕೆ 70ರಷ್ಟನ್ನು ಕೊಂದರೂ ಅವುಗಳ ಸಂತತಿ ಉಳಿದುಕೊಳ್ಳುತ್ತದೆ. ಉಳಿದವು ಹೆಚ್ಚು ಮರಿ ಹಾಕುತ್ತವೆ, ಖಾಲಿ ಜಾಗಕ್ಕೆ ಪಕ್ಕದವು ಬರುತ್ತವೆ. ನಮ್ಮ ನರಿಯೂ ಹಾಗೆಯೇ ಎಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ನೂರಾರು ವರ್ಷ ಹೊಡೆದೂ ಅಮೆರಿಕದವರಿಗೆ ಕಯೋಟಿ ಮುಗಿದಿಲ್ಲ. ಇತ್ತ ನಮ್ಮ ಕಬ್ಬಿನ ಹೊಲದ ನರಿಯ ಊಟದಲ್ಲಿ ದೊಡ್ಡ ಪಾಲು ಇಲಿ, ಹೆಗ್ಗಣ. ಮೆಕ್ಕೆಜೋಳದ ತೆನೆ, ಕಲ್ಲಂಗಡಿಯನ್ನೂ ಕಡಿಯುತ್ತದೆ, ಅದು ಸುಳ್ಳಲ್ಲ.

ಕುರಿದಡ್ಡಿಗೆ ಎತ್ತರದ ಬಲೆ, ಮರಿಗಳಿಗೆ ಬೇರೆ ಮುಚ್ಚಿದ ಜಾಗ, ರಾತ್ರಿ ಎಚ್ಚರವಿರುವ ನಾಯಿಗಳು, ಬೆಳಕು: ಕುರುಬರಿಗೆ ಗೊತ್ತಿರುವ ಈ ಹಳೆಯ ಉಪಾಯಗಳೇ ಈಗಲೂ ಗಟ್ಟಿ. ಹಂದಿ ಓಡಿಸಲು ಹೊಲದಲ್ಲಿ ನಾಯಿ ಬೊಗಳುವ ಸದ್ದನ್ನು ಹಾಕುವವರಿಗೆ ಒಂದು ಮಾತು. ಒಂದೇ ಜಾಗದಲ್ಲಿ ಒಂದೇ ಸದ್ದು ಇಟ್ಟರೆ ಪ್ರಾಣಿಗಳು ಕೆಲವೇ ದಿನಕ್ಕೆ ಅದಕ್ಕೆ ಒಗ್ಗಿಕೊಳ್ಳುತ್ತವೆ. ಜಾಗ, ಸಮಯ, ಸದ್ದು ಬದಲಿಸುತ್ತಿರಬೇಕು.

ನರಿ, ತೋಳ ಕಚ್ಚಿದರೆ ಗಾಯ ಚಿಕ್ಕದಿದ್ದರೂ ರೇಬೀಸ್ ಅಪಾಯ ದೊಡ್ಡದು. ಹಗಲಿನಲ್ಲಿ ಹೆದರದೆ ಜನರ ಮೇಲೆ ಎರಗುವ ನರಿಗೆ ರೇಬೀಸ್ ಇರಬಹುದು. 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕಾಡುಪ್ರಾಣಿ ಕಚ್ಚಿದ್ದಕ್ಕೆ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು, ಕೇಳಿ ಪಡೆಯಿರಿ.

ಕುರಿ ಸತ್ತಿದ್ದರೆ ಅದನ್ನು ಎಳೆದು ಹಾಕಬೇಡಿ. ಗಾಯದ ಗುರುತು, ನೆಲದ ಹೆಜ್ಜೆ ಕಾಣುವಂತೆ ಫೋಟೊ ತೆಗೆದು ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕಾಡುಪ್ರಾಣಿ ಕೊಂದಿದ್ದು ಎಂದು ಖಚಿತವಾದರೆ ಇಲಾಖೆಯಿಂದ ಪರಿಹಾರ ಸಿಗುತ್ತದೆ. ಎಷ್ಟೋ ಸಲ ತೋಳದ ಹೆಸರಿನಲ್ಲಿ ಕುರಿ ಹಿಡಿದಿರುವುದು ಊರ ಬೀದಿನಾಯಿಗಳೇ ಆಗಿರುತ್ತವೆ, ಅದನ್ನೂ ಹೆಜ್ಜೆ ಗುರುತಿನಿಂದ ನೋಡಬಹುದು. ಸಿಟ್ಟಿನಲ್ಲಿ ಸತ್ತ ಕುರಿಗೆ ಕೀಟನಾಶಕ ಸುರಿದು ಬಿಟ್ಟರೆ ಮರುದಿನ ಅಲ್ಲಿ ಸತ್ತು ಬೀಳುವುದು ನಿಮ್ಮದೇ ದಡ್ಡಿಯ ನಾಯಿಯೂ ಆಗಬಹುದು.