ಅದೇ ಈಸ್ಟ್ರೋಜನ್, ಬೇರೆ ವಯಸ್ಸು: ಮೆದುಳಲ್ಲಿ ಏನಾಗುತ್ತೆ?

ಇವತ್ತಿನ ಎಪಿಸೋಡ್ ಒಂದು ಹಾರ್ಮೋನ್ ಬಗ್ಗೆ. ಈಸ್ಟ್ರೋಜನ್ ಅಂದ ತಕ್ಷಣ ಮುಟ್ಟು, ಬಸಿರು ಇಷ್ಟೇ ನೆನಪಾಗೋದು. ಮೆದುಳಿನ ಯೋಚನೆ ಯಾರಿಗೂ ಬರಲ್ಲ. ಆದರೆ ಈಸ್ಟ್ರೋಜನ್ ಬಂದು ಕೂರುವ ಗ್ರಾಹಕಗಳು, ಅಂದ್ರೆ ರಿಸೆಪ್ಟರ್‌ಗಳು, ಮೆದುಳಿನ ನರಕೋಶಗಳಲ್ಲಿವೆ, ಅಲ್ಲಿನ ರಕ್ತನಾಳಗಳಲ್ಲಿವೆ, ಮೆದುಳನ್ನು ಕಾಯುವ ಮೈಕ್ರೋಗ್ಲಿಯಾ ಅನ್ನೋ ಕೋಶಗಳಲ್ಲೂ ಇವೆ. ಹಾಗಾಗಿ ಮುಟ್ಟು ನಿಂತಾಗ ಆಗುವ ಬದಲಾವಣೆ ಹೊಟ್ಟೆಯ ಕೆಳಗೆ ಮಾತ್ರ ನಡೆಯೋದಲ್ಲ, ತಲೆಯೊಳಗೂ ನಡೆಯುತ್ತೆ.

ಮೊದಲು ಈ ಮೈಕ್ರೋಗ್ಲಿಯಾ ಬಗ್ಗೆ ಎರಡು ಮಾತು. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತಲ್ಲ, ಅದು ಉರಿಯೂತ. ಮೆದುಳಿಗೆ ಪೆಟ್ಟಾದಾಗ ಅಲ್ಲೂ ಇದೇ ಕೆಲಸ ಶುರುವಾಗುತ್ತೆ. ಮೈಕ್ರೋಗ್ಲಿಯಾ ಎಚ್ಚೆತ್ತುಕೊಂಡು ಐಎಲ್-1 ಬೀಟಾ ಥರದ ರಾಸಾಯನಿಕಗಳನ್ನು ಬಿಡುತ್ತೆ, ಸತ್ತ ಕೋಶಗಳನ್ನು ಗುಡಿಸಿ ಹಾಕುತ್ತೆ. ಕೆಲಸ ಮುಗಿದ ಮೇಲೆ ಸುಮ್ಮನಾದರೆ ಒಳ್ಳೇದು. ಸುಮ್ಮನಾಗದೇ ಹೋದರೆ, ಪಕ್ಕದಲ್ಲಿ ಚೆನ್ನಾಗಿರೋ ಕೋಶಗಳಿಗೂ ಏಟು ಬೀಳುತ್ತೆ.

ಈಗ 2002ಕ್ಕೆ ಹೋಗೋಣ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನೋ ದೊಡ್ಡ ಅಧ್ಯಯನ ನಡೀತಿತ್ತು. ಮುಟ್ಟು ನಿಂತ 16,608 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಸೇರಿದ ಮಾತ್ರೆ, ಇನ್ನೊಂದು ಗುಂಪಿಗೆ ಔಷಧಿ ಇಲ್ಲದ ಬರೀ ಮಾತ್ರೆ ಕೊಟ್ಟಿದ್ರು. ಹಾರ್ಮೋನ್ ಹೃದಯವನ್ನು ಕಾಪಾಡುತ್ತೆ ಅನ್ನೋ ನಿರೀಕ್ಷೆ ಇತ್ತು. ಆದದ್ದು ಉಲ್ಟಾ. ಸ್ಟ್ರೋಕ್ ಶೇ. 41ರಷ್ಟು ಜಾಸ್ತಿ ಕಂಡಿತು, ಸ್ತನ ಕ್ಯಾನ್ಸರ್ ಕೂಡ ಹೆಚ್ಚಾಯ್ತು. ಆ ವರ್ಷ ಜುಲೈನಲ್ಲಿ ಆ ಭಾಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಮರುವರ್ಷ, 65 ದಾಟಿದವರಲ್ಲಿ ಮರೆವಿನ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು ಅಂತಲೂ ವರದಿ ಬಂತು.

ಶೇ. 41 ಅಂದ್ರೆ ಎದೆ ಝಲ್ಲೆನ್ನುತ್ತೆ. ಆದರೆ ಲೆಕ್ಕ ಬಿಡಿಸಿದರೆ, 10,000 ಹೆಂಗಸರು ಒಂದು ವರ್ಷ ಮಾತ್ರೆ ತಗೊಂಡರೆ 8 ಸ್ಟ್ರೋಕ್ ಹೆಚ್ಚು. ಇದು ಸಣ್ಣ ವಿಷಯ ಅಂತ ನಾನು ಹೇಳ್ತಿಲ್ಲ. ಎರಡು ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೇಳಿದ್ದರೆ ಅವತ್ತಿನ ಗಾಬರಿ ಕಡಿಮೆ ಇರ್ತಿತ್ತು ಅನ್ನೋದಷ್ಟೇ ನನ್ನ ಮಾತು. ಹೆದರಿದ ಲಕ್ಷಾಂತರ ಹೆಂಗಸರು ಮಾತ್ರೆ ಬಿಟ್ಟರು.

ವಿಜ್ಞಾನಿಗಳಿಗೆ ಇದೊಂದು ಒಗಟಾಯ್ತು. ಲ್ಯಾಬಿನ ಇಲಿಗಳಲ್ಲಿ ಈಸ್ಟ್ರೋಜನ್ ಮೆದುಳನ್ನು ಕಾಪಾಡಿತ್ತು. ಮನುಷ್ಯರಲ್ಲಿ ಯಾಕೆ ಕೈಕೊಟ್ಟಿತು? ಇದರ ಬೆನ್ನು ಹತ್ತಿದವರಲ್ಲಿ ಒಬ್ಬರು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ನರವಿಜ್ಞಾನಿ ಫರೀದಾ ಸೊಹ್ರಾಬ್ಜಿ. ಅವರ ತಂಡ ಕೇಳಿದ ಪ್ರಶ್ನೆ ತುಂಬಾ ಸರಳ: ಪ್ರಯೋಗಕ್ಕೆ ಬಳಸಿದ ಇಲಿಗಳ ವಯಸ್ಸೆಷ್ಟು? ಹೆಚ್ಚಿನವು ಎಳೇ ಪ್ರಾಯದವು. ಅಧ್ಯಯನದ ಹೆಂಗಸರ ಸರಾಸರಿ ವಯಸ್ಸು 63. ಅಂದ್ರೆ ಇಪ್ಪತ್ತರ ಹುಡುಗಿಗೆ ಸಮನಾದ ಇಲಿಯ ಮೇಲೆ ನೋಡಿದ್ದನ್ನು ಅಜ್ಜಿಗೆ ಅನ್ವಯಿಸಿದ ಹಾಗೆ.

ಅವರು ಎರಡು ಗುಂಪು ಮಾಡಿದರು. ಒಂದರಲ್ಲಿ ಎಳೇ ಹೆಣ್ಣಿಲಿಗಳು. ಇನ್ನೊಂದರಲ್ಲಿ ವರ್ಷದ ಆಸುಪಾಸಿನ, ಋತುಚಕ್ರ ನಿಂತುಹೋಗಿದ್ದ ಇಲಿಗಳು. ಕೃತಕವಾಗಿ ಸ್ಟ್ರೋಕ್ ಬರಿಸಿ, ಮೆದುಳಿನ ಎಷ್ಟು ಭಾಗ ಸತ್ತಿದೆ ಅಂತ ಅಳೆದರು. ಈಸ್ಟ್ರೋಜನ್ ಕೊಟ್ಟ ಎಳೇ ಇಲಿಗಳಲ್ಲಿ ಹಾನಿ ಕಡಿಮೆಯಾಗಿತ್ತು. ವಯಸ್ಸಾದ ಇಲಿಗಳಿಗೆ ಅದೇ ಈಸ್ಟ್ರೋಜನ್ ಕೊಟ್ಟಾಗ ಹಾನಿ ಹೆಚ್ಚಾಗಿತ್ತು!

ಉರಿಯೂತದಲ್ಲೂ ಇದೇ ಕಥೆ. 2003ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಮೆದುಳಿಗೆ ಗಾಯವಾದ ಮೇಲೆ ಐಎಲ್-1 ಬೀಟಾವನ್ನು ಈಸ್ಟ್ರೋಜನ್ ಎಳೇ ಇಲಿಗಳಲ್ಲಿ ತಗ್ಗಿಸಿತು, ಹಿರಿಯ ಇಲಿಗಳಲ್ಲಿ ಏರಿಸಿತು. ರಕ್ತದಲ್ಲಿರೋ ಬೇಡದ ವಸ್ತುಗಳು ಮೆದುಳಿಗೆ ನುಗ್ಗದಂತೆ ತಡೆಯುವ ಒಂದು ಗೋಡೆ ಇದೆ ನೋಡಿ, ಅದನ್ನು ಗಟ್ಟಿ ಮಾಡೋ ಕೆಲಸವನ್ನೂ ಈಸ್ಟ್ರೋಜನ್ ಎಳೇ ಇಲಿಗಳಲ್ಲಿ ಮಾತ್ರ ಮಾಡಿತು.

ಯಾಕೆ ಹೀಗೆ? ಅವರು ಹಿಡಿದ ಒಂದು ಸುಳಿವು ಐಜಿಎಫ್-1 ಅನ್ನೋ, ಬೆಳವಣಿಗೆಗೆ ನೆರವಾಗುವ ಹಾರ್ಮೋನ್. ವಯಸ್ಸಾದ ಹಾಗೆ ಇದು ದೇಹದಲ್ಲಿ ಇಳಿಯುತ್ತೆ. ಹಿರಿಯ ಇಲಿಗಳಿಗೆ ಈಸ್ಟ್ರೋಜನ್ ಕೊಟ್ಟಾಗ ಇನ್ನೂ ಇಳಿಯಿತು. ಐಜಿಎಫ್-1 ಅನ್ನೇ ಹೊರಗಿನಿಂದ ಕೊಟ್ಟಾಗ ಸ್ಟ್ರೋಕ್ ಹಾನಿ ತಗ್ಗಿತು. ಅಂದ್ರೆ ಈಸ್ಟ್ರೋಜನ್ ಒಂದೇ ನಿಂತು ಮೆದುಳನ್ನು ಕಾಯಲ್ಲ, ಅದಕ್ಕೆ ಜೊತೆಗಾರರು ಬೇಕು. ಇದು ಇಲಿಗಳ ಮಾತು, ಹಾಗೇ ಎತ್ತಿ ನಮಗೆ ಅಂಟಿಸಿಕೊಳ್ಳೋಕೆ ಆಗಲ್ಲ. ಆದರೆ ಎಷ್ಟು ಹಾರ್ಮೋನ್ ಅನ್ನೋದರ ಜೊತೆ ಯಾವಾಗ ಅನ್ನೋದೂ ಮುಖ್ಯ ಅಂತ ಕೇಳೋಕೆ ಇಂಥ ಕೆಲಸಗಳೇ ಬಲ ಕೊಟ್ಟವು. ಅಂದಹಾಗೆ, ಗಂಡು ಪ್ರಾಣಿಗಳ ಜೊತೆ ಹೆಣ್ಣು ಪ್ರಾಣಿಗಳನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ಅಮೆರಿಕದ ಎನ್‌ಐಎಚ್ ನಿಯಮ ತಂದದ್ದು 2016ರಲ್ಲಿ. ಅಷ್ಟು ತಡ!

ಮನುಷ್ಯರಲ್ಲಿ ಸಿಗೋ ಇನ್ನೊಂದು ಸುಳಿವು ಮಯೋ ಕ್ಲಿನಿಕ್‌ನ ವಾಲ್ಟರ್ ರೊಕ್ಕಾ ಅವರ ತಂಡದ್ದು, 2007ರಲ್ಲಿ ಬಂತು. ಮುಟ್ಟು ನಿಲ್ಲೋ ಮೊದಲೇ ಆಪರೇಷನ್ ಮಾಡಿ ಅಂಡಾಶಯ ತೆಗೆಸಿಕೊಂಡವರಲ್ಲಿ ಮುಂದೆ ಮರೆವು, ಡಿಮೆನ್ಷಿಯಾ ಹೆಚ್ಚು ಕಂಡಿತು. ಎಷ್ಟು ಚಿಕ್ಕ ವಯಸ್ಸಿಗೆ ಆಪರೇಷನ್ ಆಯ್ತೋ ಅಪಾಯ ಅಷ್ಟು ಜಾಸ್ತಿ. ಆದರೆ ಕನಿಷ್ಠ 50 ವರ್ಷದವರೆಗೆ ಈಸ್ಟ್ರೋಜನ್ ತಗೊಂಡವರಲ್ಲಿ ಆ ಏರಿಕೆ ಕಾಣಲಿಲ್ಲ. ಇದು ಗಮನಿಸಿ ನೋಡಿದ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿ ನಡೆಸಿದ ಪ್ರಯೋಗ ಅಲ್ಲ. ಆದರೂ ಇಲಿಗಳ ಕಥೆಗೆ ಹೊಂದುತ್ತೆ ಅಲ್ವಾ?

ನನಗೆ ಇಲ್ಲಿ ನಮ್ಮ ಊರು ನೆನಪಾಗುತ್ತೆ. ಕಲಬುರಗಿಯ ತಾಂಡಾಗಳಲ್ಲಿ, ರಾಣೆಬೆನ್ನೂರಿನ ಕಡೆ ಮೂವತ್ತು ನಲವತ್ತರೊಳಗಿನ ಹೆಂಗಸರಿಗೆ ಬೇಕಿಲ್ಲದೇ ಗರ್ಭಕೋಶ ತೆಗೆದ ದೂರುಗಳು ಸುದ್ದಿಯಾಗಿದ್ದವು. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ನಿಲ್ಲಲ್ಲ. ಎರಡೂ ಅಂಡಾಶಯ ತೆಗೆದರೆ ಮುಟ್ಟು ನಿಲ್ಲಲು ವರ್ಷಗಟ್ಟಲೆ ತಗೊಳ್ಳಬೇಕಾದ ದೇಹಕ್ಕೆ ಒಂದೇ ದಿನದಲ್ಲಿ ಆ ಸ್ಥಿತಿ ಬರುತ್ತೆ. ‘ಮಕ್ಕಳಾಯ್ತಲ್ಲ, ಇನ್ನೇನಕ್ಕೆ ಬೇಕು’ ಅಂತ ಹೇಳುವವರಿಗೆ ಮೆದುಳಿನ ಲೆಕ್ಕ ಗೊತ್ತಿರಲ್ಲ.

ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಇಂಥ ಆಪರೇಷನ್ ಹೇಳಿದ್ದರೆ ಡಾಕ್ಟರ ಹತ್ತಿರ ಇದನ್ನು ಕೇಳಿ: ಅಂಡಾಶಯ ತೆಗೀತೀರಾ, ಉಳಿಸ್ತೀರಾ? ತೆಗೆಯೋದೇ ಆದರೆ ಆಮೇಲೆ ಹಾರ್ಮೋನ್ ಬೇಕಾ? ಕ್ಯಾನ್ಸರ್ ಕಾರಣಕ್ಕೆ ತೆಗೆಯಲೇಬೇಕಾದ ಸಂದರ್ಭ ಇರುತ್ತೆ. ಸ್ತನ ಕ್ಯಾನ್ಸರ್ ಬಂದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ ಹಾರ್ಮೋನ್ ಸಾಮಾನ್ಯವಾಗಿ ಕೊಡಲ್ಲ. ಅದಕ್ಕೇ ಮೆಡಿಕಲ್ ಶಾಪಿಗೆ ಹೋಗಿ ನೀವೇ ಮಾತ್ರೆ ತರಬೇಡಿ. ಮೊದಲೇ ಆಪರೇಷನ್ ಆಗಿದ್ದರೆ ಹಳೇ ಡಿಸ್ಚಾರ್ಜ್ ಚೀಟಿ ಹುಡುಕಿ ತೆಗೀರಿ. ಏನೇನು ತೆಗೆದಿದ್ದಾರೆ ಅನ್ನೋದು ಅದರಲ್ಲೇ ಬರೆದಿರುತ್ತೆ.