ವಕೀಲವೃತ್ತಿಯ ನಿಯಮನವೂ ಹಳ್ಳಿಯ ಕಕ್ಷಿಗಾರನೂ
ಮುಂಬಯಿ ಪ್ರಾಂತದ ಆಳಿಕೆಯಲ್ಲಿ ಧಾರವಾಡ ಜಿಲ್ಲೆಯ ವಕೀಲರ ಸನದು ನ್ಯಾಯಾಲಯದ ಅಧೀನವಾಗಿತ್ತು; ವೃತ್ತಿದೋಷವನ್ನು ದಂಡಿಸುವ ಅಧಿಕಾರವೂ ಅದರದೇ. ೧೯೬೧ರ ವಕೀಲರ ಅಧಿನಿಯಮವು ಈ ಅಧಿಕಾರವನ್ನು ವಕೀಲರೇ ಚುನಾಯಿಸುವ ಪರಿಷತ್ತಿಗೆ ಒಪ್ಪಿಸಿತು. ಇದರಿಂದ ವೃತ್ತಿಗೆ ಸ್ವಾತಂತ್ರ್ಯ ಲಭಿಸಿತೆಂಬುದು ನಿರ್ವಿವಾದ. ಆದರೆ ಶಿಸ್ತುಸಮಿತಿಯ ಮೂವರು ಸದಸ್ಯರೂ ವಕೀಲರೇ. ರಾಜ್ಯ ಪರಿಷತ್ತಿನ ಕಚೇರಿಯಿರುವುದು ಬೆಂಗಳೂರಿನಲ್ಲಿ. ನವಲಗುಂದದ ಇಲ್ಲವೆ ಕಲಘಟಗಿಯ ರೈತನು ತನ್ನ ವಕೀಲನ ಮೇಲೆ ದೂರಿತ್ತರೆ, ಅದನ್ನು ತೂಗಿನೋಡುವವರು ಆ ವಕೀಲನ ವೃತ್ತಿಬಾಂಧವರು. ವರ್ಷದೊಳಗೆ ತೀರದ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗತಕ್ಕದ್ದೆಂಬ ವಿಧಿಯಿದೆ. ಅದು ವಿಳಂಬಕ್ಕೆ ಪರಿಹಾರವಾದೀತು, ಆದರೆ ದೂರನ್ನು ದಿಲ್ಲಿಗೆ ಒಯ್ಯುತ್ತದೆ. ಉಚ್ಚ ನ್ಯಾಯಾಲಯದ ಖಾಯಂ ಪೀಠವೇ ೨೦೧೩ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾಗಿರಲು, ಶಿಸ್ತುವಿಚಾರಣೆಯೂ ಅಲ್ಲಿ ನಡೆಯುವಂತೆ, ಸಮಿತಿಯಲ್ಲಿ ವಕೀಲನಲ್ಲದ ಒಬ್ಬ ಸದಸ್ಯನಿರುವಂತೆ ನಿಯಮಿಸುವುದು ಯುಕ್ತ. ಇದರಿಂದ ವೃತ್ತಿಯ ಸ್ವಾತಂತ್ರ್ಯಕ್ಕೆ ಕುಂದಿಲ್ಲ. ಕಕ್ಷಿಗಾರನ ನಂಬಿಕೆಗೆ ಆಧಾರವುಂಟು.